ರೋಗ ಬಂದವನೇ ಸಾಕ್ಷಿನೂ ಹುಡುಕಬೇಕಾ?

ಮಿಲಿಟರಿಗೆ ಸೇರುವಾಗ ಎಷ್ಟು ಪರೀಕ್ಷೆ ಮಾಡುತ್ತಾರೆ ನೋಡಿ. ಎದೆ ಅಳೆಯುತ್ತಾರೆ, ಕಣ್ಣು ಕಿವಿ ನೋಡುತ್ತಾರೆ, ಓಡಿಸುತ್ತಾರೆ, ಪಾದ ಚಪ್ಪಟೆ ಇದ್ದರೂ ಮನೆಗೆ ಕಳಿಸುತ್ತಾರೆ. ಇಷ್ಟೆಲ್ಲ ಮಾಡಿ 'ಫಿಟ್' ಅಂತ ಸಹಿ ಹಾಕಿದವರೇ, ಅದೇ ಹುಡುಗ ಮುಂದೆ ಶ್ವಾಸಕೋಶ ಕೆಡಿಸಿಕೊಂಡು ಎದುರಿಗೆ ಬಂದು ಕೂತಾಗ, ಇದು ಸೇವೆಯಿಂದಲೇ ಬಂತು ಅನ್ನೋದಕ್ಕೆ ಪುರಾವೆ ಏನು ಅಂತ ಕೇಳುತ್ತಾರೆ. ನನಗೆ ಮೈ ಉರಿಯುವುದು ಇಲ್ಲೇ.

ಅಮೆರಿಕದ ಕಥೆಯನ್ನೇ ತೆಗೆದುಕೊಳ್ಳಿ. ಇರಾಕಿನ ಬಲಾದ್‌ನಲ್ಲಿ ಅವರದೊಂದು ದೊಡ್ಡ ಸೇನಾ ನೆಲೆ ಇತ್ತು. ಅಲ್ಲಿ ಸುಮಾರು 10 ಎಕರೆಯಷ್ಟು ಜಾಗದಲ್ಲಿ ಕಸ ಸುಡುತ್ತಿದ್ದರು, ಹಗಲು ರಾತ್ರಿ ಅನ್ನದೆ. ಪ್ಲಾಸ್ಟಿಕ್, ಬ್ಯಾಟರಿ, ಟಯರ್, ಬಣ್ಣದ ಡಬ್ಬ, ಆಸ್ಪತ್ರೆಯ ತ್ಯಾಜ್ಯ, ಎಲ್ಲ ಒಂದೇ ಗುಂಡಿಗೆ. ಬೆಂಕಿ ಹೊತ್ತಿಸಲು ವಿಮಾನದ ಇಂಧನ. ಹುಡುಗರು ಮಲಗುತ್ತಿದ್ದದ್ದು, ಉಣ್ಣುತ್ತಿದ್ದದ್ದು, ಓಡುತ್ತಿದ್ದದ್ದು ಆ ಕಪ್ಪು ಹೊಗೆಯಲ್ಲೇ. ಊರಿಗೆ ಬಂದ ಮೇಲೆ ಕೆಲವರಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ, ಇನ್ನು ಕೆಲವರಿಗೆ ಕ್ಯಾನ್ಸರ್. ಪರಿಹಾರ ಕೇಳಿ ಅರ್ಜಿ ಹಾಕಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಸಿಕ್ಕಿದ್ದು 'ಇಲ್ಲ' ಅನ್ನೋ ಉತ್ತರ.

ಯಾವ ದಿನ, ಯಾವ ಹೊಗೆ, ಅದರಲ್ಲಿ ಎಷ್ಟು ವಿಷ? ಇದನ್ನೆಲ್ಲ ಸಾಮಾನ್ಯ ಸೈನಿಕ ಎಲ್ಲಿಂದ ತರಬೇಕು? ಗಾಳಿ ಅಳೆಯುವ ಯಂತ್ರ ಅವನ ಜೇಬಿನಲ್ಲಿತ್ತಾ? ಲೆಕ್ಕ ಇಡಬೇಕಾದವರು ಸೇನೆಯವರು, ಕಡತ ಇರುವುದೂ ಅವರ ಹತ್ತಿರವೇ. ಅವರು ಅಳೆಯದೇ ಬಿಟ್ಟದ್ದು ಕೊನೆಗೆ ಅವರ ಪರವಾದ ವಾದವೇ ಆಗಿಬಿಡುತ್ತದೆ!

ಇದಕ್ಕೂ ಮೊದಲು ವಿಯೆಟ್ನಾಂನಲ್ಲೂ ಇದೇ ಆಗಿತ್ತು. ಅಲ್ಲಿ ಯುದ್ಧ ಮಾಡುತ್ತಿದ್ದ ಅಮೆರಿಕದವರು 1962ರಿಂದ 1971ರವರೆಗೆ ಕಾಡಿನ ಎಲೆ ಉದುರಿಸಲು ವಿಮಾನದಿಂದ ಕಳೆನಾಶಕ ಸುರಿದರು. ಅದರಲ್ಲಿ ಏಜೆಂಟ್ ಆರೆಂಜ್ ಅನ್ನೋದರಲ್ಲಿ ಡಯಾಕ್ಸಿನ್ ಅನ್ನೋ ವಿಷ ಇತ್ತು. ಯುದ್ಧದ ಹೊತ್ತಿನಲ್ಲಿ ಅಲ್ಲಿ ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಎಲ್ಮೋ ಜುಮ್ವಾಲ್ಟ್. ನದಿ ದಂಡೆಯ ಪೊದೆಗಳಿಂದ ತಮ್ಮ ದೋಣಿಗಳ ಮೇಲೆ ಗುಂಡು ಬೀಳುತ್ತಿತ್ತು, ಹುಡುಗರು ಸಾಯುತ್ತಿದ್ದರು, ಹಾಗಾಗಿ ದಂಡೆಗೂ ಸಿಂಪಡಿಸಿ ಅಂತ ಆದೇಶ ಕೊಟ್ಟರು. ಆ ದೋಣಿಗಳಲ್ಲಿ ಒಂದರಲ್ಲಿ ಅವರ ಸ್ವಂತ ಮಗನೇ ಅಧಿಕಾರಿ. ಮಗ 1988ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ, 42 ವರ್ಷಕ್ಕೆ. ತನ್ನ ಆದೇಶವೇ ಮಗನನ್ನು ತಿಂದಿತು ಅಂತ ಆ ತಂದೆ ನಂಬಿದ್ದರು. ಆದರೂ ಆ ಆದೇಶದಿಂದ ಎಷ್ಟೋ ಹುಡುಗರ ಜೀವ ಉಳಿಯಿತು, ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ ಅಂತಲೂ ಹೇಳುತ್ತಿದ್ದರು. ಆ ಮಾತು ಒಪ್ಪಬೇಕೋ ಬೇಡವೋ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ. ಆದರೆ ಮನುಷ್ಯ ಕಾಯಿಲೆ ಬಿದ್ದವರ ಪರ ಗಟ್ಟಿಯಾಗಿ ನಿಂತರು. 1991ರಲ್ಲಿ ಕಾನೂನು ಬಂತು: ವಿಯೆಟ್ನಾಂನಲ್ಲಿ ಇದ್ದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಅಲ್ಲಿಂದಲೇ ಬಂತು ಅಂತ ಸರ್ಕಾರ ಒಪ್ಪಿಕೊಳ್ಳಬೇಕು. ಸಿಂಪಡಣೆ ನಿಂತು ಇಪ್ಪತ್ತು ವರ್ಷ ಆದ ಮೇಲೆ. (ಆ ನೆಲದಲ್ಲೇ ಹುಟ್ಟಿ ಬೆಳೆದ ವಿಯೆಟ್ನಾಂ ಜನ ಆ ಕಳೆನಾಶಕ ತಯಾರಿಸಿದ ಕಂಪನಿಗಳ ಮೇಲೆ ಅಮೆರಿಕದಲ್ಲಿ ಹಾಕಿದ ಕೇಸು 2005ರಲ್ಲಿ ವಜಾ ಆಯಿತು. ಅದು ಇನ್ನೊಂದು ದೊಡ್ಡ ಕಥೆ.)

ಇರಾಕಿನ ಹೊಗೆ ಕುಡಿದವರಿಗೆ ಇಂಥದ್ದೇ ಕಾನೂನು, ಪ್ಯಾಕ್ಟ್ ಆ್ಯಕ್ಟ್, ಬಂದದ್ದು 2022ರ ಆಗಸ್ಟ್‌ನಲ್ಲಿ. 2020ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಹೋದ ಹೀತ್ ರಾಬಿನ್ಸನ್ ಅನ್ನೋ ಸಾರ್ಜೆಂಟ್ ಹೆಸರಲ್ಲಿ. ಅದೂ ಸುಮ್ನೆ ಬರಲಿಲ್ಲ. ಜುಲೈ ಕೊನೆಯಲ್ಲಿ ಅವರ ಮೇಲ್ಮನೆಯಾದ ಸೆನೆಟ್‌ನಲ್ಲಿ ಮಸೂದೆ ಸಿಕ್ಕಿಹಾಕಿಕೊಂಡಾಗ ಕಾಯಿಲೆಯವರೂ ಅವರ ಮನೆಯವರೂ ಸಂಸತ್ ಭವನದ ಮೆಟ್ಟಿಲ ಮೇಲೆ ರಾತ್ರಿ ಕಳೆದರು.

ಇದರಲ್ಲಿ ಸಿಗರೇಟಿನಿಂದ ಕಾಯಿಲೆ ತಂದುಕೊಂಡವನಿಗೂ ದುಡ್ಡು ಹೋಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಹೋಗಲಿ ಬಿಡಿ. ಹತ್ತು ಜನಕ್ಕೆ ಜಾಸ್ತಿ ಹೋದರೂ ಪರವಾಗಿಲ್ಲ, ನಿಜವಾಗಿ ಹೊಗೆ ಕುಡಿದ ಒಬ್ಬ ಅರ್ಜಿ ಹಿಡಿದುಕೊಂಡೇ ಸಾಯಬಾರದು.

ನಮ್ಮಲ್ಲೇನು? 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸೇರುವಾಗ ಕಾಯಿಲೆ ಇತ್ತು ಅಂತ ದಾಖಲೆ ಇಲ್ಲದಿದ್ದರೆ, ಆಮೇಲೆ ಕಾಯಿಲೆಯಿಂದ ಹೊರಗೆ ಕಳಿಸಿದಾಗ ಅದು ಸೇವೆಯಿಂದಲೇ ಬಂದದ್ದು ಅಂತ ತಿಳಿಯಬೇಕು. ಅಲ್ಲ ಅನ್ನುವುದಾದರೆ ಪುರಾವೆ ಕೊಡಬೇಕಾದವರು ಸರ್ಕಾರದವರು. ಇಷ್ಟಿದ್ದರೂ ಡಿಸೆಬಿಲಿಟಿ ಪೆನ್ಶನ್‌ಗಾಗಿ, ಅಂದರೆ ಸೇವೆಯಲ್ಲಿ ಆರೋಗ್ಯ ಕೆಟ್ಟವರಿಗೆ ಸಿಗಬೇಕಾದ ಪಿಂಚಣಿಗಾಗಿ, ಸೇನೆಯವರ ಕೇಸು ನೋಡುವ ಟ್ರಿಬ್ಯೂನಲ್‌ಗೆ ಹೋಗುವವರು ಕಡಿಮೆಯಾಗಿಲ್ಲ, ಅಲ್ಲಿ ಗೆದ್ದವರ ಮೇಲೆ ಸರ್ಕಾರ ಮೇಲ್ಮನವಿ ಹಾಕುವುದೂ ನಿಂತಿಲ್ಲ.

ಕೊಡಗಿನವರು, ಬೆಳಗಾವಿ ಕಡೆಯವರು ಸೇನೆಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿವೃತ್ತಿ ಹೊತ್ತಿನ ಮೆಡಿಕಲ್ ಬೋರ್ಡ್ ಕಾಗದಕ್ಕೆ ಸುಮ್ನೆ ಸಹಿ ಹಾಕಿ ಬರಬೇಡಿ. 'ಸೇವೆಗೆ ಸಂಬಂಧವಿಲ್ಲ' ಅಂತ ಬರೆದಿದ್ದರೆ ಕಾರಣ ಏನು ಬರೆದಿದ್ದಾರೆ ನೋಡಿ, ಪ್ರತಿ ಇಟ್ಟುಕೊಳ್ಳಿ. ಎಲ್ಲಿ ಯಾವ ಕೆಲಸ ಮಾಡಿದಿರಿ, ಇಂಧನವೋ, ಬಣ್ಣವೋ, ಸ್ಫೋಟಕವೋ, ಅದನ್ನೂ ಈಗಲೇ ಬರೆದಿಡಿ.