ಕಪ್ಪೆಗೆ ಯಾವ ಒತ್ತಕ್ಷರ?

ಕಪ್ಪೆ ಹೇಗೆ ಕೂಗುತ್ತದೆ ಅಂತ ಯಾವ ಮಗುವನ್ನು ಕೇಳಿದರೂ ಉತ್ತರ ಒಂದೇ: ವಟವಟ. ಪೂರ್ತಿ ಸುಳ್ಳೇನಲ್ಲ. ಮೊದಲ ದೊಡ್ಡ ಮಳೆಗೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿಕೊಂಡು ಗದ್ದೆಯಲ್ಲಿ ಕೂರುವ ಗೂಳಿಕಪ್ಪೆಯ ಮಟ್ಟಿಗೆ ಅದು ನಿಜ. ಮಿಕ್ಕವೆಲ್ಲ ಈ ಗೂಳಿಯ ಹೆಸರಿನಲ್ಲಿ ಹಾಜರಿ ಹಾಕಿಸಿಕೊಂಡಿವೆ, ಅಷ್ಟೆ.

ಮಕ್ಕಳಿಗೆ ಕಪ್ಪೆಯನ್ನು ಕಣ್ಣಿಗಿಂತ ಮೊದಲು ಕಿವಿಗೆ ಪರಿಚಯಿಸಬೇಕು. ಅದಕ್ಕೆ ನಮ್ಮ ಕಾಗುಣಿತ ಹೇಳಿ ಮಾಡಿಸಿದ ಹಾಗಿದೆ. ಹ್ರಸ್ವ, ದೀರ್ಘ, ಒತ್ತು, ಅನುಸ್ವಾರ, ಇಷ್ಟಿದ್ದರೆ ಸಾಕು. ನೆಲಗಪ್ಪೆಯದು ಉಸಿರು ಮುಗಿಯುವವರೆಗೂ ಎಳೆಯುವ ‘ಕ್ರೂರ್‌ರ್‌ರ್’. ಬಚ್ಚಲುಮನೆ ಗೋಡೆಗೆ ಅಂಟಿಕೊಳ್ಳುವ ಮರಗಪ್ಪೆಯದು ಬಾಗಿಲು ತಟ್ಟಿದಂಥ ‘ಟಕ್, ಟರಟಕ್’. ಕೊಡಗಿನ ಕಾಫಿ ತೋಟದ ಹಳದಿ ಪೊದೆಗಪ್ಪೆ ಚಮಚದಿಂದ ಲೋಟ ತಟ್ಟುತ್ತದೆ: ‘ಟ್ರೀಂಕ್, ಟಿಂಕ್ ಟಿಂಕ್’. ಇನ್ನು ಸಣ್ಣ ಬಾಯಿಯ ಕಪ್ಪೆಗಳದ್ದು ಬರೆಯಲು ಬಗ್ಗುವುದಿಲ್ಲ. ಪ್ಲಾಸ್ಟಿಕ್ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ತೋರಿಸಿದರೆ ಹತ್ತಿರ ಬರುತ್ತದೆ.

ಆ ಚೀಲ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬಾಯಿ ಮುಚ್ಚಿ, ಮೂಗು ಹಿಡಿದು ‘ಮ್‌ಮ್’ ಅನ್ನಲು ಹೇಳಿ. ಕೆನ್ನೆ ಉಬ್ಬುತ್ತದೆ, ಒಂದೆರಡು ಕ್ಷಣದಲ್ಲಿ ದನಿ ನಿಲ್ಲುತ್ತದೆ, ಏಕೆಂದರೆ ಗಾಳಿಗೆ ಹೋಗಲು ಜಾಗವಿಲ್ಲ. ಗಂಡು ಕಪ್ಪೆ ಕೂಗುವುದೂ ಹೀಗೇ ಬಾಯಿ ಮೂಗು ಮುಚ್ಚಿಕೊಂಡೇ. ಆದರೆ ಶ್ವಾಸಕೋಶದಿಂದ ಹೊರಟ ಗಾಳಿ ಧ್ವನಿತಂತುವನ್ನು ಅದುರಿಸಿ ಚೀಲಕ್ಕೆ ಇಳಿಯುತ್ತದೆ, ಅಲ್ಲಿಂದ ವಾಪಸು ಬರುತ್ತದೆ. ಅದೇ ಗಾಳಿ ಮತ್ತೆ ಮತ್ತೆ ಬಳಕೆಗೆ. ಉಬ್ಬಿದ ಚೀಲ ದನಿಯನ್ನು ಸುತ್ತ ಹರಡುತ್ತದೆ ಕೂಡ.

ಹುಡುಕಲು ಹೊರಡುವುದು ಮಳೆ ಬಿಟ್ಟ ಸಂಜೆ, ಏಳೂವರೆ ಮೇಲೆ. ಒಬ್ಬ ಹಿರಿಯರಿಗೆ ನಾಲ್ಕೇ ಮಕ್ಕಳು. ಐದನೆಯದು ಸೇರಿದರೆ ಜಾತ್ರೆ. ಕಾಲಿಗೆ ಗಂಬೂಟು ಬೇಕೇ ಬೇಕು, ಕಪ್ಪೆ ಇರುವಲ್ಲಿ ಹಾವಿಗೂ ಕೆಲಸವಿರುತ್ತದೆ. ಕೈಗೆ ಸೊಳ್ಳೆ ಕ್ರೀಮು ಬೇಡ. ಕಪ್ಪೆಯ ಚರ್ಮ ತಾಗಿದ್ದನ್ನೆಲ್ಲ ಹೀರಿಕೊಳ್ಳುತ್ತದೆ, ಆದ್ದರಿಂದ ಮುಟ್ಟದಿರುವುದೇ ಒಳ್ಳೆಯದು. ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ.

ಹತ್ತಿರ ಹೋದಂತೆ ಕೂಗು ಪಟ್ಟನೆ ನಿಲ್ಲುತ್ತದೆ. ಹುಡುಗರು ಅಲ್ಲೇ ಸೋಲುತ್ತಾರೆ, ನೇರ ನುಗ್ಗಿಬಿಡುತ್ತಾರೆ. ಟಾರ್ಚು ಆರಿಸಿ ಐದು ನಿಮಿಷ ಕಂಬದ ಹಾಗೆ ನಿಂತರೆ ಒಂದು ಶುರು ಮಾಡುತ್ತದೆ, ಹಿಂದೆಯೇ ಉಳಿದವು. ಆಗ ಇಬ್ಬರು ಮಕ್ಕಳನ್ನು ಹತ್ತು ಹೆಜ್ಜೆ ದೂರ ದೂರ ನಿಲ್ಲಿಸಿ, ಕಣ್ಣು ಮುಚ್ಚಿ ಸದ್ದಿನತ್ತ ಕೈ ಚಾಚಲು ಹೇಳಬೇಕು. ಎರಡು ಕೈಗೆರೆ ಕೂಡುವಲ್ಲಿ ಕಪ್ಪೆ. ಒಬ್ಬರದೇ ಕಿವಿ ದಿಕ್ಕು ಹೇಳುತ್ತದೆ, ದೂರದ ಲೆಕ್ಕ ತಪ್ಪಿಸುತ್ತದೆ.

ಸಿಕ್ಕಿದ್ದು ಜೀರುಂಡೆಯಾದರೆ ನಗಬೇಡಿ. ಮಣಿಪಾಲದ ಮುರಕಲ್ಲು ಬಯಲಲ್ಲಿ ಎರಡು ಸೆಂಟಿಮೀಟರೂ ಇಲ್ಲದ ಒಂದು ಕಪ್ಪೆ ಅಂಥದ್ದೇ ಸದ್ದು ಮಾಡಿಕೊಂಡಿತ್ತು. ವಿಜ್ಞಾನಕ್ಕೆ ಅದು ಹೊಸದೆಂದು ಪ್ರಕಟವಾದದ್ದು 2016ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಶರಾವತಿ ಸೀಮೆಯ ತೊರೆಗಳ ಕುಂಬಾರ ಕಪ್ಪೆಗೆ ಹೆಸರು ಬಂತು. ಅದರ ಗಂಡು ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುತ್ತದೆ. ಮಕ್ಕಳಿಗೆ ಹಿಡಿಸುವುದು ಈ ಎರಡನೆಯದೇ.

ಮೊಬೈಲಿನಲ್ಲಿ ಎರಡು ನಿಮಿಷ ಮುದ್ರಿಸುವಾಗ ಮೊದಲು ದಿನ, ಹೊತ್ತು, ಜಾಗ ಬಾಯಲ್ಲೇ ಹೇಳಿಡಿ. ಆಮೇಲೆ ಯಾವುದು ಎಲ್ಲಿಯದೋ ಗೊತ್ತಾಗುವುದಿಲ್ಲ. ಎಷ್ಟು ಹೇಳಿದರೂ ನಡುವೆ ಒಂದು ‘ಅಗೋ, ಅಲ್ಲಿ!’ ಸೇರಿಯೇ ಸೇರುತ್ತದೆ. ಮನೆಗೆ ಬಂದು ಪುಸ್ತಕದಲ್ಲಿ ಬರೆಸುವಾಗ ಒಬ್ಬನದು ‘ಟ್ರ’, ಪಕ್ಕದವಳದು ‘ಕ್ರ’. ತಿದ್ದಲು ಹೋಗಬೇಡಿ. ನಾಳೆ ಸಂಜೆ ಅದೇ ಬದುವಿಗೆ ಹೋಗಿ ಇನ್ನೊಮ್ಮೆ ಕೇಳಿದರಾಯಿತು, ಮಳೆ ಬಂದಿದ್ದರೆ.