ಹಕ್ಕಿಜ್ವರ ಬಂದರೆ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಲೇಬೇಕಾ?

ಪರ: ಹೌದು, ತಡಮಾಡಬಾರದು

ಕೇಳೋಕೆ ಕ್ರೂರ ಅನಿಸುತ್ತದೆ. ಆದರೆ ಹಕ್ಕಿಜ್ವರ ತರುವ ವೈರಸ್ ಎಚ್5ಎನ್1 ಶೆಡ್ಡಿಗೆ ನುಗ್ಗಿದ ಮೇಲೆ ಆ ಕೋಳಿಗಳು ಹೇಗೂ ಉಳಿಯುವುದಿಲ್ಲ. ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಸಾಯುತ್ತವೆ, ಸಾಯುವವರೆಗೂ ಹಿಕ್ಕೆಯಲ್ಲಿ, ಜೊಲ್ಲಿನಲ್ಲಿ ವೈರಸ್ ಚೆಲ್ಲುತ್ತಲೇ ಇರುತ್ತವೆ, ಅದು ಮೊಟ್ಟೆ ಟ್ರೇ, ವ್ಯಾನಿನ ಚಕ್ರ, ಕೆಲಸದವರ ಚಪ್ಪಲಿ ಹಿಡಿದು ಪಕ್ಕದ ಫಾರಂ ಸೇರುತ್ತದೆ. ಅದಕ್ಕೇ ನಮ್ಮಲ್ಲಿ ರೋಗ ಬಂದ ಜಾಗದಿಂದ ಒಂದು ಕಿ.ಮೀ. ದೂರದವರೆಗಿನ ಕೋಳಿಗಳನ್ನೆಲ್ಲ ಕೊಲ್ಲುವ ನಿಯಮ.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಸೋಂಕು ತಗುಲಿ 6 ಜನ ಸತ್ತರು. ವರ್ಷದ ಕೊನೆಗೆ ಅಲ್ಲಿನ ಕೋಳಿಗಳನ್ನೆಲ್ಲ, 10 ಲಕ್ಷಕ್ಕೂ ಜಾಸ್ತಿ, ಕೊಂದರು. ಮನುಷ್ಯರ ಕೇಸುಗಳು ನಿಂತವು. 2003ರಿಂದೀಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಎಚ್5ಎನ್1 ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬದುಕಲಿಲ್ಲ (ಸಣ್ಣ ಜ್ವರ ಬಂದು ಹೋದವರು ಲೆಕ್ಕಕ್ಕೇ ಸಿಕ್ಕಿರಲಿಕ್ಕಿಲ್ಲ, ಅದೂ ನಿಜ). ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವುದನ್ನು ಈ ವೈರಸ್ ಇನ್ನೂ ಕಲಿತಿಲ್ಲ. ಕಲಿಯೋಕೆ ನಾವೇ ಯಾಕೆ ಜಾಗ ಕೊಡಬೇಕು? ಕೊಲ್ಲುವ ಬದಲು ಲಸಿಕೆ ಹಾಕಿದರೆ ಕೋಳಿ ಸಾಯದೇ ಇರಬಹುದು, ಆದರೆ ಸುಮ್ನೆ ಒಳಗೊಳಗೇ ಸೋಂಕು ಹಂಚುತ್ತಾ ಇರಬಹುದು, ಅಲ್ವಾ?

ವಿರೋಧ: ಇಲ್ಲ, ಇದೊಂದೇ ದಾರಿಯಲ್ಲ

ಅಮೆರಿಕ 2022ರಿಂದ 15 ಕೋಟಿಗೂ ಜಾಸ್ತಿ ಕೋಳಿ, ಟರ್ಕಿಗಳನ್ನು ಕಳೆದುಕೊಂಡಿತು. ವೈರಸ್ ಹೋಯಿತಾ? 2024ರಲ್ಲಿ ಹಸುಗಳಿಗೇ ಬಂತು. ಹಸುಗಳನ್ನು ಮಾತ್ರ ಯಾರೂ ಹಿಂಡುಗಟ್ಟಲೆ ಕೊಲ್ಲಲಿಲ್ಲ, ಬಹುಪಾಲು ಚೇತರಿಸಿಕೊಂಡವು ನಿಜ, ಆದರೆ ಅವುಗಳ ಬೆಲೆಯೂ ಬೇರೆ ನೋಡಿ. ರೋಗದ ಮೂಲ ಇರುವುದು ಕಾಡುಬಾತು, ನೀರುಹಕ್ಕಿಗಳಲ್ಲಿ. ಅವುಗಳನ್ನು ಯಾರು ಕೊಲ್ಲುತ್ತಾರೆ?

2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಗೆ ಈ ರೋಗ ಬಂತು. ಹೀಗೆ ಬಂದಾಗ ಸುತ್ತಲಿನ ಹಿತ್ತಲ ನಾಟಿ ಕೋಳಿಗಳೂ ಹೋಗಬೇಕು, ಚೆನ್ನಾಗಿದ್ದರೂ ಸರಿ. ಪರಿಹಾರ ಇದೆ, ಆದರೆ ಮೊಟ್ಟೆ ಮಾರಿ ಸಂತೆ ಖರ್ಚು ನೋಡಿಕೊಳ್ಳುವ ಹೆಂಗಸಿಗೆ ಆ ದುಡ್ಡು ಬರುವವರೆಗೂ ಕೈ ಖಾಲಿ. ಇಂಥ ಭಯ ಇದ್ದರೆ ಜನ ಸತ್ತ ಕೋಳಿಯನ್ನು ಮುಚ್ಚಿಡುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯ ಅದೇ.

ಫ್ರಾನ್ಸ್‌ನಲ್ಲಿ 2021-22ರಲ್ಲಿ ಸಾವಿರಕ್ಕೂ ಹೆಚ್ಚು ಫಾರಂಗಳಿಗೆ ರೋಗ ತಗುಲಿತ್ತು. 2023ರ ಅಕ್ಟೋಬರ್‌ನಿಂದ ಬಾತುಕೋಳಿಗಳಿಗೆ ಲಸಿಕೆ ಹಾಕಿದರು, ಆ ಚಳಿಗಾಲದಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು. ಚೀನಾ 2017ರಲ್ಲಿ ಕೋಳಿಗಳಿಗೆ ಲಸಿಕೆ ಹಾಕಿದ ಮೇಲೆ ಎಚ್7ಎನ್9 ಎಂಬ ಇನ್ನೊಂದು ಬಗೆಯ ಹಕ್ಕಿಜ್ವರ ಮನುಷ್ಯರಲ್ಲಿ ಬಹುತೇಕ ಕಾಣೆಯಾಯಿತು.

ರೋಗ ಬಂದ ಶೆಡ್ ಖಾಲಿ ಮಾಡಿ, ಬೇಡ ಅನ್ನುವುದಿಲ್ಲ. ಉಳಿದ ಕಡೆ ಲಸಿಕೆ ಹಾಕಿ, ಪ್ರತಿ ಶೆಡ್ಡಿನಲ್ಲೂ ಲಸಿಕೆ ಇಲ್ಲದ ನಾಲ್ಕಾರು ಕೋಳಿಗಳನ್ನು ಬಿಡಿ. ವೈರಸ್ ಒಳಗೊಳಗೇ ಓಡಾಡುತ್ತಿದ್ದರೆ ಮೊದಲು ಸಾಯುವುದು ಅವೇ, ಆಗ ಗೊತ್ತಾಗುತ್ತದೆ.