ರೋಮ್‌ಗೆ ಓಡಬೇಡಿ, ಹಡಗು ನಿಂತ ಊರು ನೋಡಿ

"ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದೀವಿ. ರೋಮ್‌ನಲ್ಲಿ ಒಂದು ದಿನ ಸಿಗುತ್ತೆ. ಏನೇನು ನೋಡಬಹುದು?"

ಈಚೆಗೆ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಮಕ್ಕಳು ಯುರೋಪಿನಲ್ಲಿ ಕೆಲಸಕ್ಕಿರುವ ಅಪ್ಪ ಅಮ್ಮಂದಿರು ಕೇಳುತ್ತಾರೆ. ಹೊಸದಾಗಿ ಮದುವೆಯಾದವರು ಕೇಳುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಂತೂ ಬೇಸಿಗೆ ರಜೆ ಹತ್ತಿರ ಬಂದರೆ ಇದೇ ಮಾತು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ರೋಮ್‌ನಲ್ಲಿ ಹಡಗು ನಿಲ್ಲುವುದಿಲ್ಲ. ಟಿಕೆಟಿನ ಜೊತೆ ಬರುವ ಕಾಗದದಲ್ಲಿ ರೋಮ್ ಅಂತ ದಪ್ಪ ಅಕ್ಷರದಲ್ಲಿ ಇದ್ದರೂ ನೀವು ಇಳಿಯುವುದು ಚಿವಿತಾವೆಕ್ಕಿಯ ಎಂಬ ಊರಿನಲ್ಲಿ. ಅಲ್ಲಿಂದ ರೋಮ್ 70 ಕಿಲೋಮೀಟರಿಗೂ ದೂರ. ಹಾಗೆಯೇ ಫ್ಲಾರೆನ್ಸ್ ಅಂದರೆ ಲಿವೋರ್ನೊ. ಎಫೆಸಸ್ ಅಂದರೆ ತುರ್ಕಿಯ ಕುಶಾದಾಸಿ. ಒಲಿಂಪಿಯಾ ಅಂದರೆ ಗ್ರೀಸಿನ ಕಟಾಕೊಲೊ ಎಂಬ ಪುಟ್ಟ ಊರು. ದೊಡ್ಡ ಹೆಸರು ಕೇಳಿ ದುಡ್ಡು ಕಟ್ಟುತ್ತೇವೆ, ಇಳಿಯುವುದು ಇನ್ನೆಲ್ಲೋ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 8ಕ್ಕೆ ಹಡಗು ಕಟ್ಟೆಗೆ ಬಂತು ಅಂದುಕೊಳ್ಳಿ. ಸಾವಿರಾರು ಜನ ಒಟ್ಟಿಗೇ ಇಳಿಯಬೇಕು. ಬಂದರಿನೊಳಗೆ ಬಸ್ಸು ಹಿಡಿದು ಹೊರಗೆ ಬರಬೇಕು. ಅಲ್ಲಿಂದ ರೈಲು ನಿಲ್ದಾಣ, ಟಿಕೆಟ್, ರೈಲು. ರೋಮ್‌ನ ದೊಡ್ಡ ನಿಲ್ದಾಣ ತಲುಪಲು ಒಂದು ಗಂಟೆಗೂ ಜಾಸ್ತಿ ಬೇಕು. 11 ಆಗಿಯೇ ಹೋಯಿತು. ಸಂಜೆ 6ಕ್ಕೆ ಹಡಗು ಹೊರಡುತ್ತದೆ ಅಂದರೆ ಅದಕ್ಕೂ ಮೊದಲೇ ಎಲ್ಲರೂ ಒಳಗಿರಬೇಕು. ರೈಲು ತಡವಾದೀತು ಅನ್ನುವ ಭಯಕ್ಕೆ 3 ಗಂಟೆಗೇ ವಾಪಸ್ ಹೊರಡಬೇಕು. ಉಳಿದದ್ದು ನಾಲ್ಕು ಗಂಟೆ. ಎರಡು ಸಾವಿರ ವರ್ಷಕ್ಕೂ ಹಳೆಯ ಊರಿಗೆ ನಾಲ್ಕು ಗಂಟೆ! ಅದರಲ್ಲಿ ಕೊಲೋಸಿಯಂ ಸಾಲು, ವ್ಯಾಟಿಕನ್ ಸಾಲು, ಊಟ, ಶೌಚಾಲಯ ಹುಡುಕಾಟ. ಹೋಗಿ ಬಂದವರ ಫೋಟೋ ನೋಡಿ, ಎಲ್ಲರ ಮುಖದಲ್ಲೂ ಗಡಿಬಿಡಿಯೇ ಕಾಣುತ್ತದೆ.

ನನ್ನ ಅಭಿಪ್ರಾಯ ಇದು. ಹಡಗಿನಲ್ಲಿ ಹೋದ ಮೇಲೆ ಬಂದರು ಊರುಗಳನ್ನೇ ನೋಡಬೇಕು. ರೋಮ್, ಫ್ಲಾರೆನ್ಸ್‌ಗೆ ಇನ್ಯಾವಾಗಲಾದರೂ ವಿಮಾನದಲ್ಲಿ ಹೋಗಿ, ನಾಲ್ಕು ದಿನ ಉಳಿದು, ಸಮಾಧಾನವಾಗಿ ನೋಡಿ. ಆದರೆ ಇಟಲಿಯ ಜೆನೋವಾ, ಪಲೆರ್ಮೊ, ಮಾಲ್ಟಾದ ವಲೆಟ್ಟಾ, ಫ್ರಾನ್ಸಿನ ಮಾರ್ಸೇಲ್ಸ್ ಇವೆಲ್ಲ ಕಡಲಿನ ಕಡೆಗೆ ಮುಖ ಮಾಡಿ ಬೆಳೆದ ಊರುಗಳು. ಅವುಗಳ ಕೋಟೆ, ಚರ್ಚು, ದೀಪಸ್ತಂಭ, ಸಂತೆ ಎಲ್ಲ ಹಡಗಿನಲ್ಲಿ ಬರುವವರನ್ನು ನೋಡಿಕೊಂಡೇ ಕಟ್ಟಿದವು. ವಿಮಾನದಲ್ಲಿ ಹೋದವರಿಗೆ ಆ ನೋಟ ಸಿಗುವುದೇ ಇಲ್ಲ. ನಮಗೆ ಸಿಕ್ಕಿರುತ್ತದೆ. ಸಿಕ್ಕಿದ್ದನ್ನು ಬಿಟ್ಟು ಬಸ್ಸು ಹತ್ತಿ ಓಡುವುದು ಯಾಕೆ?

ಇದಕ್ಕೆ ಮಾಲ್ಟಾದ ವಲೆಟ್ಟಾಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿಗೆ ಹಡಗು ಬರುವ ಬೆಳಿಗ್ಗೆ ದಯವಿಟ್ಟು ಮಲಗಿರಬೇಡಿ. ತಿಂಡಿ ಆಮೇಲೆ ತಿಂದರಾಯಿತು. ಎಲ್ಲಕ್ಕಿಂತ ಮೇಲಿನ ಡೆಕ್‌ಗೆ ಹೋಗಿ ನಿಂತುಕೊಳ್ಳಿ. ಬಂದರಿನ ಬಾಯಿ ಕಿರಿದು. ಒಂದು ಕಡೆ ರಿಕಾಸೋಲಿ ಕೋಟೆ, ಇನ್ನೊಂದು ಕಡೆ ಸೇಂಟ್ ಎಲ್ಮೊ ಕೋಟೆ. ಒಳಗೆ ಬಂದರೆ ಎರಡೂ ಕಡೆ ಜೇನು ಬಣ್ಣದ ಕಲ್ಲಿನ ಗೋಡೆಗಳು ನೀರಿನಿಂದಲೇ ಎದ್ದು ನಿಂತಿರುತ್ತವೆ. 1565ರಲ್ಲಿ ತುರ್ಕಿಯ ಆಟೊಮನ್ ಸೈನ್ಯ ಈ ದ್ವೀಪಕ್ಕೆ ಮುತ್ತಿಗೆ ಹಾಕಿತು. ಸೇಂಟ್ ಜಾನ್ ಎಂಬ ಕ್ರೈಸ್ತ ಪಂಥದ ಯೋಧರು ಮತ್ತು ದ್ವೀಪದ ಜನ ಸೇರಿ ಅದನ್ನು ಹಿಮ್ಮೆಟ್ಟಿಸಿದರು. ಮರುವರ್ಷ, 1566ರಲ್ಲಿ, ಈ ಊರಿಗೆ ಅಡಿಗಲ್ಲು ಬಿತ್ತು. ಆ ಯೋಧರ ಮುಖಂಡ ಲಾ ವಲೆಟ್‌ನ ಹೆಸರೇ ಊರಿನ ಹೆಸರಾಯಿತು.

ಅದೇ ನೀರಿನಲ್ಲಿ ನಡೆದ ಇನ್ನೊಂದು ಕಥೆ ನನಗೆ ಇನ್ನೂ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಮಾಲ್ಟಾದ ಮೇಲೆ ದಿನವೂ ಬಾಂಬು ಬೀಳುತ್ತಿತ್ತು. ಊಟಕ್ಕೂ ಇಂಧನದ ಎಣ್ಣೆಗೂ ಬರ. 1942ರ ಆಗಸ್ಟಿನಲ್ಲಿ 14 ಸರಕು ಹಡಗುಗಳು ಕಾವಲಿನ ಜೊತೆ ಹೊರಟವು. ತಲುಪಿದ್ದು 5 ಮಾತ್ರ. ಕೊನೆಯದು ಓಹಾಯೊ ಎಂಬ ಎಣ್ಣೆ ಹಡಗು. ಏಟು ತಿಂದು ತಿಂದು ಮುಳುಗುವ ಸ್ಥಿತಿಗೆ ಬಂದಿತ್ತು. ಎರಡೂ ಪಕ್ಕಕ್ಕೆ ಒಂದೊಂದು ಯುದ್ಧನೌಕೆ ಕಟ್ಟಿ, ಎತ್ತಿ ಹಿಡಿದ ಹಾಗೆ ಮಾಡಿಕೊಂಡು ಆಗಸ್ಟ್ 15ರಂದು ಒಳಗೆ ತಂದರು. ಜನ ಈ ಕೋಟೆ ಗೋಡೆಗಳ ಮೇಲೆ ನಿಂತು ಕೂಗಿ ಸ್ವಾಗತಿಸಿದರು. ನಮ್ಮ ಹಡಗು ಹೋದದ್ದೂ ಅದೇ ದಾರಿಯಲ್ಲಿ. ಇದು ಗೊತ್ತಿದ್ದು ಡೆಕ್ ಮೇಲೆ ನಿಂತರೆ ಮೈ ಜುಮ್ಮೆನ್ನುತ್ತದೆ.

ವಲೆಟ್ಟಾದ ಇನ್ನೊಂದು ಅನುಕೂಲ ವಯಸ್ಸಾದವರಿಗೆ. ಹಡಗಿನಿಂದ ಇಳಿದು ಕಟ್ಟೆಯ ಪಕ್ಕದಲ್ಲೇ ಸ್ವಲ್ಪ ನಡೆದರೆ ಬರಾಕಾ ಲಿಫ್ಟ್ ಇದೆ. 58 ಮೀಟರ್ ಎತ್ತರ. ಅದರಲ್ಲಿ ಹತ್ತಿದರೆ ಸೀದಾ ಊರಿನ ಉದ್ಯಾನಕ್ಕೆ ಬಿಡುತ್ತದೆ. ನಮ್ಮ ಅಮ್ಮನಿಗೆ ಮಂಡಿ ನೋವು, ಅಂಥವರೂ ಇಲ್ಲಿ ಆರಾಮಾಗಿ ಓಡಾಡಿದರು. ಉದ್ಯಾನದ ಕೆಳಗೆ ಮಧ್ಯಾಹ್ನ 12ಕ್ಕೆ ಫಿರಂಗಿ ಹಾರಿಸುತ್ತಾರೆ. ಬೇಗ ಹೋಗಿ ಕಟಾಂಜನದ ಪಕ್ಕ ಜಾಗ ಹಿಡಿಯಿರಿ. ಆಮೇಲೆ ಬಟಾಣಿ ಹೂರಣದ ಪಸ್ತಿಝಿ ತಿನ್ನಿ, ಪದರ ಪದರವಾಗಿ ಗರಿಗರಿ ಇರುತ್ತದೆ. ಸಸ್ಯಾಹಾರಿಗಳು ಒಂದು ಮಾತು ಕೇಳಿ ತಿನ್ನುವುದು ಒಳ್ಳೆಯದು, ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಕಡೆಗಳೂ ಇವೆ.

ಊಟದ ಮಾತು ಬಂತಲ್ಲ. ಕ್ರೂಸ್ ಹೋಗುವ ನಮ್ಮವರು ಮಾಡುವ ಒಂದು ಕೆಲಸ ನನಗೆ ಸರಿ ಕಾಣುವುದಿಲ್ಲ. ಹಡಗಿನಲ್ಲಿ ಊಟಕ್ಕೆ ಮೊದಲೇ ದುಡ್ಡು ಕಟ್ಟಿದ್ದೇವಲ್ಲ ಅಂತ ಮಧ್ಯಾಹ್ನ ವಾಪಸ್ ಹಡಗಿಗೇ ಬರುತ್ತಾರೆ. ದುಡ್ಡು ಉಳಿಯಿತು ನಿಜ. ಆದರೆ ಊರಿನ ಅರ್ಧ ದಿನ ಹೋಯಿತು. ಊರಿನವರಿಗೂ ನಮ್ಮಿಂದ ಗುಂಪು ಬಿಟ್ಟರೆ ಏನೂ ಸಿಗಲಿಲ್ಲ. "ಸಸ್ಯಾಹಾರ ಸಿಗಲ್ಲ ಕಣ್ರೀ" ಅನ್ನುತ್ತಾರೆ. ಸಿಗುತ್ತದೆ. ಈ ಬಂದರುಗಳ ಬೀದಿ ತಿಂಡಿ ನಮ್ಮ ಮನೆಯ ಡಬ್ಬಿಯಲ್ಲಿರುವ ಹಿಟ್ಟಿನದೇ.

ಪಲೆರ್ಮೊದ ಬಲ್ಲಾರೊ ಸಂತೆಯಲ್ಲಿ ಒಂದು ಗಾಡಿ ಮುಂದೆ ನಿಂತಿದ್ದೆವು. ದೊಡ್ಡ ಬಾಣಲೆ, ಕಾದ ಎಣ್ಣೆ. ತೆಳ್ಳಗಿನ ಚೌಕ ತುಂಡುಗಳು, ಹಳದಿ ಬಣ್ಣ, ಮೇಲೆ ಹಸಿರು ಸೊಪ್ಪಿನ ಚುಕ್ಕೆ. ಗಾಡಿಯವನು ಎಳ್ಳು ಹಚ್ಚಿದ ಬನ್ ಸೀಳಿ, ಬಿಸಿ ತುಂಡುಗಳನ್ನು ಒಳಗಿಟ್ಟು, ಉಪ್ಪು ಉದುರಿಸಿ, ನಿಂಬೆ ಹಿಂಡಿ ಕೊಡುತ್ತಿದ್ದ.

"ಮೊಟ್ಟೆ ಹಾಕಿದಾನಾ ಕೇಳೇ" ಅಂದರು ಅಮ್ಮ.

ನಾನು ಫೋನಿನಲ್ಲಿ ಇಟಾಲಿಯನ್ ಮಾಡಿ ತೋರಿಸಿದೆ. ಅವನು ನಕ್ಕು, ಕೆಳಗಿನಿಂದ ಹಿಟ್ಟಿನ ಚೀಲವನ್ನೇ ಎತ್ತಿ ಹಿಡಿದ. ಚೀಲದ ಮೇಲೆ ಕಾಬೂಲ್ ಕಡಲೆಯ ಚಿತ್ರ.

"ಅಯ್ಯೋ, ಕಡಲೆಹಿಟ್ಟು ಕಣೇ ಇದು!"

ಆಮೇಲೆ ಅಮ್ಮ ಅಲ್ಲಿಂದ ಕದಲಲಿಲ್ಲ. ಹಿಟ್ಟನ್ನು ನೀರಿನಲ್ಲಿ ಗೊಟಾಯಿಸಿ, ಗಟ್ಟಿಯಾಗುವ ತನಕ ಬೇಯಿಸಿ, ಹರಡಿ ಆರಿಸಿ, ಕತ್ತರಿಸಿ ಕರಿಯುತ್ತಾರೆ ಅಂತ ಕೈಸನ್ನೆಯಲ್ಲೇ ತಿಳಿದುಕೊಂಡರು. ಹೆಸರು ಪನೆಲ್ಲೆ. ನಮ್ಮೆಜಮಾನರು ಎರಡನೇ ಬನ್ ತೆಗೆದುಕೊಂಡರು. (ಪಕ್ಕದ ಗಾಡಿಗಳಲ್ಲಿ ಇಂಥದ್ದೇ ಬನ್ನಿನೊಳಗೆ ದನದ ಗುಲ್ಮ ಇಟ್ಟು ಮಾರುತ್ತಾರೆ. ಪನೆಲ್ಲೆ ಅಂತ ಹೆಸರು ಹೇಳಿಯೇ ಕೇಳಿ.)

ಆಮೇಲೆ ಗಮನ ಕೊಟ್ಟರೆ ಈ ಹಿಟ್ಟು ಆ ಕಡಲಿನ ಸುತ್ತಲೂ ಇದೆ. ಜೆನೋವಾದಲ್ಲಿ ಅದನ್ನು ನೀರು, ಉಪ್ಪು, ಆಲಿವ್ ಎಣ್ಣೆಯಲ್ಲಿ ಕಲಸಿ, ಅಗಲವಾದ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಫರಿನಾತಾ ಅನ್ನುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ, ನಮ್ಮ ಕಡಲೆಹಿಟ್ಟಿನ ದೋಸೆಯ ಹಾಗೇ. ಲಿವೋರ್ನೊದಲ್ಲಿ ಅದನ್ನೇ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಮಾರ್ಸೇಲ್ಸ್‌ನಲ್ಲಿ ಉರುಳೆ ಮಾಡಿ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಕರಿಯುತ್ತಾರೆ, ಅದು ಪನಿಸ್. ಬಂದರಿನಲ್ಲಿ ಮೂಟೆ ಹೊರುವವರು, ಹಡಗಿನ ಆಳುಗಳು ತಿನ್ನುತ್ತಿದ್ದ ಅಗ್ಗದ, ಹೊಟ್ಟೆ ತುಂಬುವ ತಿಂಡಿ. ಬಸ್ಸು ಹತ್ತಿ ಹೋದವರಿಗೆ ಇದು ಸಿಗುವುದಿಲ್ಲ.

ಪಲೆರ್ಮೊದಲ್ಲಿ ಹಡಗು ಊರಿನ ಹೊಟ್ಟೆಯಲ್ಲೇ ನಿಲ್ಲುತ್ತದೆ. ಬಸ್ಸು ಬೇಡ, ನಡೆದೇ ಹೋಗಬಹುದು. ಅಲ್ಲಿ ಒಂದೇ ಒಂದು ಕಟ್ಟಡಕ್ಕೆ ಟಿಕೆಟ್ ತೆಗೆಯುವುದಿದ್ದರೆ ಪ್ಯಾಲಟೈನ್ ಚಾಪೆಲ್‌ಗೆ ತೆಗೆಯಿರಿ. 12ನೇ ಶತಮಾನದಲ್ಲಿ ನಾರ್ಮನ್ನರ (ಫ್ರಾನ್ಸಿನ ಕಡೆಯಿಂದ ಬಂದವರು) ದೊರೆ ಎರಡನೇ ರೋಜರ್ ಕಟ್ಟಿಸಿದ್ದು. ಅದಕ್ಕೂ ಮೊದಲು ಇನ್ನೂರು ವರ್ಷಕ್ಕೂ ಜಾಸ್ತಿ ಪಲೆರ್ಮೊವನ್ನು ಅರಬ್ಬರು ಆಳಿದ್ದರು. ಗೆದ್ದ ನಾರ್ಮನ್ನರು ಮುಸ್ಲಿಂ ಕುಶಲಕರ್ಮಿಗಳನ್ನು ದೂರ ಇಡಲಿಲ್ಲ, ಕೆಲಸಕ್ಕೆ ಕರೆದರು. ಹಾಗಾಗಿ ಗೋಡೆಯ ತುಂಬ ಬೈಜಾಂಟೈನ್ ಶೈಲಿಯ ಚಿನ್ನದ ಮೊಸಾಯಿಕ್, ತಲೆ ಎತ್ತಿದರೆ ಮುಸ್ಲಿಂ ಕಲಾವಿದರು ಮರದಲ್ಲಿ ಕೆತ್ತಿ ಬಣ್ಣ ಬಳಿದ ಚಾವಣಿ, ಅರಬ್ಬಿ ಬರಹ. ಚರ್ಚಿನ ಒಳಗೆ! ಕತ್ತು ನೋಯುವ ತನಕ ಅದನ್ನೇ ನೋಡಿದೆ.

ಇನ್ನು ಎಲ್ಲರೂ ಬಿಟ್ಟು ಓಡುವ ಚಿವಿತಾವೆಕ್ಕಿಯ. "ಅಲ್ಲೇನಿದೆ?" ಅನ್ನುತ್ತಾರೆ. ಮೊದಲನೆಯದಾಗಿ ಆ ಬಂದರನ್ನು ಕಟ್ಟಿಸಿದ್ದು ರೋಮ್ ಚಕ್ರವರ್ತಿ ಟ್ರಾಜನ್, 2ನೇ ಶತಮಾನದ ಆರಂಭದಲ್ಲಿ. ಇವತ್ತಿಗೂ ಅಲ್ಲಿಗೆ ಹಡಗು ಬರುತ್ತಿದೆ ಅಂದರೆ ಅದೇನು ಸಣ್ಣ ಮಾತಾ? ಕಟ್ಟೆಯ ಪಕ್ಕದಲ್ಲೇ ಮೈಕೆಲೆಂಜೆಲೊ ಹೆಸರಿನ ದೊಡ್ಡ ಕೋಟೆ ಇದೆ. ಊರೊಳಗೆ ಜಪಾನಿನ ಹುತಾತ್ಮರ ಹೆಸರಿನ ಚರ್ಚಿದೆ. 1597ರಲ್ಲಿ ನಾಗಸಾಕಿಯಲ್ಲಿ ಕೊಂದ 26 ಕ್ರೈಸ್ತರ ನೆನಪಿಗೆ ಅದು. ಅದರ ಚಿತ್ರಗಳನ್ನು ಬರೆದದ್ದು ಜಪಾನಿನ ಕಲಾವಿದ ಲೂಕಾ ಹಸೆಗಾವಾ. ಅಲ್ಲಿ ಮೇರಿಮಾತೆ ಕಿಮೋನೊ ಉಟ್ಟಿದ್ದಾಳೆ. 1615ರಲ್ಲಿ ಹಸೆಕುರಾ ಎಂಬ ಜಪಾನಿನ ಸಮುರಾಯ್ ಪೋಪ್‌ರನ್ನು ಕಾಣಲು ಇದೇ ಬಂದರಿಗೆ ಬಂದು ಇಳಿದಿದ್ದ, ಅವನ ಪ್ರತಿಮೆಯೂ ಊರಿನಲ್ಲಿದೆ. ನಾವು ಚರ್ಚಿಗೆ ಹೋದಾಗ ಒಳಗೆ ಬೇರೆ ಯಾರೂ ಇರಲಿಲ್ಲ. ನಮ್ಮ ಹಡಗಿನ ಅಷ್ಟೂ ಜನ ರೋಮ್ ರೈಲಿನಲ್ಲಿದ್ದರು.

ಒಂದು ಮಾತು ಒಪ್ಪುತ್ತೇನೆ. ಜೀವನದಲ್ಲಿ ಮತ್ತೆ ಆ ಕಡೆ ಬರುವುದೇ ಇಲ್ಲ, ರೋಮ್ ಕಣ್ಣಿಂದ ನೋಡಲೇಬೇಕು ಅನ್ನುವವರು ಹೋಗಲಿ. ಆಗ ಒಂದೇ ಜಾಗ ಇಟ್ಟುಕೊಳ್ಳಿ. ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದರೆ ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚೌಕಕ್ಕೆ ನಡೆದುಕೊಂಡೇ ಹೋಗಬಹುದು. ಅದನ್ನು ನೋಡಿ ವಾಪಸ್ ಬನ್ನಿ.

ಬಾರ್ಸಿಲೋನಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ಊರು. ಸಾಂತಾ ಮರಿಯಾ ದೆಲ್ ಮಾರ್ ಚರ್ಚು ಮಾತ್ರ ತಪ್ಪಿಸಬೇಡಿ. 14ನೇ ಶತಮಾನದಲ್ಲಿ ಅದನ್ನು ಕಟ್ಟುವಾಗ ಬಂದರಿನ ಹಮಾಲಿಗಳು ಮೊಂಜುಯಿಕ್ ಗುಡ್ಡದ ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತು ತಂದರು. ಅವರ ಪುಟ್ಟ ಆಕೃತಿಗಳು ಬಾಗಿಲ ಮೇಲಿವೆ, ಬಗ್ಗಿದ ಬೆನ್ನು, ಮೇಲೆ ಕಲ್ಲು.

ಮಾರ್ಸೇಲ್ಸ್‌ನಲ್ಲಿ ಹಡಗು ಊರಿನಿಂದ ದೂರ, ಉತ್ತರದ ತುದಿಯಲ್ಲಿ ನಿಲ್ಲುತ್ತದೆ. ಹಳೆ ಬಂದರಿಗೆ ಬಸ್ಸು ಬೇಕೇ ಬೇಕು. ಬೆಳಿಗ್ಗೆಯೇ ಹೋದರೆ ದಡದಲ್ಲಿ ಮೀನುಗಾರರು ದೋಣಿಯಿಂದ ಇಳಿಸಿ ಮಾರುವ ಮೀನು ಕಾಣುತ್ತದೆ. ಕ್ರಿ.ಪೂ. 600ರ ಸುಮಾರಿಗೆ ಗ್ರೀಕರು ಬಂದು ನೆಲೆಸಿದ ಜಾಗ ಅದು. ನಮಗಂತೂ ಇನ್ನೂ ಹತ್ತಿರದ ಊರು. ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬೈನಿಂದ ಹೊರಟ ಎಷ್ಟೋ ಜನ ಯುರೋಪಿನ ನೆಲ ಮೊದಲು ಮೆಟ್ಟಿದ್ದು ಇಲ್ಲಿ. 1910ರಲ್ಲಿ ಸಾವರ್ಕರ್ ಹಡಗಿನಿಂದ ನೀರಿಗೆ ಹಾರಿದ್ದು ಇದೇ ಬಂದರಿನಲ್ಲಿ. 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಯುದ್ಧಕ್ಕೆಂದು ಭಾರತದ ಸೈನಿಕರು ಇಳಿದದ್ದೂ ಇಲ್ಲೇ. 1931ರ ಸೆಪ್ಟೆಂಬರ್ 11ರಂದು ದುಂಡುಮೇಜಿನ ಪರಿಷತ್ತಿಗೆ ಹೊರಟ ಗಾಂಧೀಜಿ ಇಲ್ಲಿಗೆ ಬಂದಿಳಿದರು. ನಮ್ಮವರಿಗೆ ಇದನ್ನು ಯಾರೂ ಹೇಳುವುದೇ ಇಲ್ಲ. ಅಂಗಡಿ ಎಲ್ಲಿದೆ ಅಂತ ಮಾತ್ರ ಹೇಳುತ್ತಾರೆ.

ಇನ್ನೊಂದು ವಿಷಯ ನಾವು ಅರ್ಥ ಮಾಡಿಕೊಳ್ಳಬೇಕು. ಈ ಊರುಗಳಿಗೆ ನಮ್ಮಂಥವರ ಭಾರ ಜಾಸ್ತಿಯಾಗಿದೆ. 25,000 ಟನ್ನಿಗೂ ದೊಡ್ಡ ಹಡಗುಗಳು ವೆನಿಸ್‌ನ ಜ್ಯುದೆಕ್ಕಾ ಕಾಲುವೆಗೆ ಬರಬಾರದು ಅಂತ 2021ರ ಆಗಸ್ಟಿನಿಂದ ಇಟಲಿ ತಡೆ ಹಾಕಿತು. ಗ್ರೀಸಿನ ಸಾಂಟೊರಿನಿ ದ್ವೀಪದಲ್ಲಿ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಇದೆ. 2025ರ ಜುಲೈಯಿಂದ ಅಲ್ಲಿ ಮತ್ತು ಮಿಕೊನೊಸ್‌ನಲ್ಲಿ ಬೇಸಿಗೆಯಲ್ಲಿ ಇಳಿಯುವ ಒಬ್ಬೊಬ್ಬರಿಗೂ 20 ಯೂರೊ ಶುಲ್ಕ. ಬಾರ್ಸಿಲೋನಾ ತನ್ನ ಕ್ರೂಸ್ ಟರ್ಮಿನಲ್‌ಗಳನ್ನು 2030ರೊಳಗೆ 7ರಿಂದ 5ಕ್ಕೆ ಇಳಿಸಲು ಹೊರಟಿದೆ. ಇದನ್ನೆಲ್ಲ ಕೇಳಿ ನಮ್ಮವರು ಸಿಟ್ಟಾಗುವುದನ್ನು ನೋಡಿದ್ದೇನೆ. ನನಗೆ ಅದು ನ್ಯಾಯ ಅನ್ನಿಸುತ್ತದೆ. ಅವರು ಅಲ್ಲಿ ಬದುಕಬೇಕು. ನೀರು, ಕಸ, ಬಾಡಿಗೆ ಎಲ್ಲ ಅವರ ತಲೆಯ ಮೇಲೆ. ನಾವು ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗಿ, ಸುಮ್ನೆ ಬೀದಿ ತುಂಬಿ ಹೋದರೆ ಅವರು ಯಾಕೆ ನಗುಮುಖದಿಂದ ಕರೆಯಬೇಕು?

ಹೊರಡುವವರಿಗೆ ಕೆಲವು ಮಾತು. ನಿಮ್ಮ ಮಾರ್ಗದಲ್ಲಿ ಕುಶಾದಾಸಿ ಅಥವಾ ಮಾಂಟೆನೆಗ್ರೊದ ಕೊಟೋರ್ ಇದ್ದರೆ ಷೆಂಗೆನ್ ಪ್ರದೇಶದಿಂದ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಪ್ರದೇಶ) ಹೊರಗೆ ಹೋಗಿ ಮತ್ತೆ ಒಳಗೆ ಬಂದ ಲೆಕ್ಕ. ಒಂದೇ ಸಲ ಒಳಬರುವ ವೀಸಾ ಸಾಲದು, ಮಲ್ಟಿಪಲ್ ಎಂಟ್ರಿ ಕೇಳಿ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇನಾ ಅಂತ ಇಳಿಯುವ ಮೊದಲು ನೋಡಿಕೊಳ್ಳಿ. ಹಡಗಿನವರೇ ಏರ್ಪಾಡು ಮಾಡಿದ ಪ್ರವಾಸ ತಡವಾದರೆ ಕಾಯುತ್ತಾರೆ, ನೀವು ಸ್ವಂತವಾಗಿ ಹೋಗಿ ತಡ ಮಾಡಿದರೆ ಹಡಗು ಹೊರಟುಬಿಡುತ್ತದೆ. ಬಂದರು ಊರಿನಲ್ಲೇ ಇದ್ದರೆ ಆ ಭಯವೂ ಇಲ್ಲ. ಮತ್ತೆ, ಪಲೆರ್ಮೊದ ಆ ಚಾಪೆಲ್‌ನಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ನಿಮ್ಮ ಹಡಗು ಅಲ್ಲಿಗೆ ವಾರದ ಯಾವ ದಿನ ಹೋಗುತ್ತದೆ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ.